ಹೋಯ್ಟ್ ಲ್ಯಾಸಿಟರನ ತಕ್ಕಡಿ

ಹನ್ನೆರಡು ಆಟ ಆಡಿ ಹನ್ನೆರಡನ್ನೂ ಗೆದ್ದ ತಂಡ ಮೂರನೆಯ ಸ್ಥಾನಕ್ಕೆ ಬರುವುದು ಹೇಗೆ ಸಾಧ್ಯ? ಹೋಯ್ಟ್ ಲ್ಯಾಸಿಟರ್ ಈ ಪ್ರಶ್ನೆಯನ್ನು ಜನವರಿ ಮೂರನೆಯ ತಾರೀಖು ಬೆಳಿಗ್ಗೆ ಮೊದಲು ಪತ್ರಿಕೆಗೆ ಕೇಳಿದ. ಆಮೇಲೆ ಕಾಫಿ ಲೋಟಕ್ಕೆ ಕೇಳಿದ. ಎರಡೂ ಬಾಯಿ ಬಿಡದಿದ್ದಾಗ, ಎದುರಿಗೆ ಕೂತು ಪೆಕಾನ್ ಕಾಯಿ ಒಡೆಯುತ್ತಿದ್ದ ಹೆಂಡತಿ ಐಮೊಜೀನಳ ಕಡೆ ತಿರುಗಿದ.

“ಹನ್ನೆರಡಕ್ಕೆ ಹನ್ನೆರಡು ಕಣೇ. ಒಂದೂ ಸೋತಿಲ್ಲ. ಮೂರನೇ ಸ್ಥಾನ ಅಂತೆ.”

“ನಿನ್ನೆ ರೇಡಿಯೋನೂ ಅದನ್ನೇ ಹೇಳ್ತಲ್ಲ. ಆಗ ರೇಡಿಯೋಗೆ ಬೈದೆ, ಈಗ ಪೇಪರಿಗೆ ಬೈತಿದೀಯ. ಇವತ್ತು ಗುರುವಾರ, ಊರಿನ ವಾರಪತ್ರಿಕೆನೂ ಬರುತ್ತೆ ಹೋಯ್ಟ್, ಅದಕ್ಕೂ ಒಂಚೂರು ಉಳಿಸ್ಕೋ.”

ಹೋಯ್ಟನ ಸಿಟ್ಟಿನಲ್ಲಿ ನ್ಯಾಯವಿರಲಿಲ್ಲ ಎನ್ನುವಂತಿಲ್ಲ. ಅಲಬಾಮಾದ ಆ ಪೈನ್ ಗ್ಯಾಪ್ ಊರಿನಲ್ಲಿ ಚರ್ಚಿನ ಪಿಕ್ನಿಕ್ಕಿನಲ್ಲಿ ಗೋಣಿಚೀಲದ ಓಟ ನಡೆದರೂ, ಗೆರೆ ಮೊದಲು ದಾಟಿದವನೇ ಗೆದ್ದವನು. ಹಂದಿ ಕೂಗಿ ಕರೆಯುವ ಸ್ಪರ್ಧೆಯಲ್ಲಿ ಕೂಡ ಹಂದಿ ಯಾರ ಹತ್ತಿರ ಬರುತ್ತದೋ ಅವನೇ ಗೆದ್ದವನು. ಕಾಲೇಜು ಫುಟ್‌ಬಾಲ್ ಒಂದರಲ್ಲಿ (ಕಾಲಿಂದ ಒದೆಯುವುದಲ್ಲ, ಚೆಂಡನ್ನು ಕೈಯಲ್ಲಿ ಅವಚಿಕೊಂಡು ನುಗ್ಗುವ ಅಮೆರಿಕದ ಆಟ) ಮಾತ್ರ, ಹುಡುಗರು ನಾಲ್ಕು ತಿಂಗಳು ಮೂಳೆ ಮುರಿದುಕೊಂಡು ಆಡಿದ ಮೇಲೆ, ಅವರ ಆಟವನ್ನು ಅರ್ಧಕ್ಕರ್ಧ ನೋಡಿಯೇ ಇರದ ಅರವತ್ತು ಮಂದಿ ಪತ್ರಕರ್ತರು ಒಂದು ಕಡೆ, ಒಂದಷ್ಟು ತರಬೇತುದಾರರು ಇನ್ನೊಂದು ಕಡೆ ಕೂತು, ದೇಶಕ್ಕೆಲ್ಲ ಯಾರು ಚಾಂಪಿಯನ್ ಎಂದು ಮತ ಹಾಕುತ್ತಾರೆ. ಎರಡು ಗುಂಪಿನ ಮತ ಕೂಡಿ ಬರದಿದ್ದರೆ ಆ ವರ್ಷಕ್ಕೆ ಇಬ್ಬರು ಚಾಂಪಿಯನ್ನರು. ಮೊದಲ ಇಬ್ಬರನ್ನು ಒಂದು ಮೈದಾನಕ್ಕೆ ತಂದು ಆಡಿಸಿ ನೋಡಿದರಾಯಿತಲ್ಲ ಎಂದು ಕೇಳಿದರೆ, ಮೊದಲಿಂದಲೂ ಹೀಗೇ ಬಂದಿದೆ ಎನ್ನುತ್ತಾರೆ.

ಆ ವರ್ಷ ಮತ ಹಾಕಿದವರು ಹೋಯ್ಟನ ಪ್ರಾಣವಾದ ಕಹಾಲಾ ಸ್ಟೇಟ್ ಕಾಲೇಜಿನ ಹೇಸರಗತ್ತೆಗಳನ್ನು (ಅದು ತಂಡದ ಹೆಸರು, ಆ ಸೀಮೆಯಲ್ಲಿ ಹೇಸರಗತ್ತೆಯಷ್ಟು ಗೌರವ ಮನುಷ್ಯರಿಗೂ ಇಲ್ಲ) ಮೂರನೆಯ ಸ್ಥಾನಕ್ಕೆ ತಳ್ಳಿದ್ದರು. ಅವು ಗೆದ್ದದ್ದೆಲ್ಲ ಸಾಧಾರಣ ತಂಡಗಳ ಮೇಲೆ ಎಂಬುದು ಅವರ ಆಕ್ಷೇಪ. ಮೊದಲ ಎರಡು ಸ್ಥಾನ ಸಿಕ್ಕಿದ್ದು ತಲಾ ಒಂದೊಂದು ಆಟ ಸೋತ ತಂಡಗಳಿಗೆ. ಸೋತವರು ಮೇಲೆ, ಗೆದ್ದವರು ಕೆಳಗೆ. ಹೋಯ್ಟನ ಕಾಫಿ ಅಷ್ಟು ಹೊತ್ತಿಗೆ ತಣ್ಣಗಾಗಿತ್ತು, ಅದಕ್ಕೂ ಆ ಅರವತ್ತು ಮಂದಿಯೇ ಕಾರಣ ಎಂದು ಅವನು ತೀರ್ಮಾನಿಸಿದ.

ಐಮೊಜೀನ್ ಈ ದುಃಖದಲ್ಲಿ ಭಾಗಿಯಾಗಲಿಲ್ಲ. ಭಾಗಿಯಾಗುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಅವಳು ಗೂಬೆ. ಹೋಯ್ಟ್ ಸಿಟ್ಟು ಬಂದಾಗ ಅವಳನ್ನು ಆ ಹೆಸರಿನಿಂದ ಕರೆಯುತ್ತಿದ್ದದ್ದು ನಿಜ, ಆದರೆ ಅವಳು ಅದನ್ನು ಬಿರುದು ಎಂದೇ ಸ್ವೀಕರಿಸುತ್ತಿದ್ದಳು. ಮೆರಿವೆದರ್ ಯೂನಿವರ್ಸಿಟಿಯ ಗೂಬೆಗಳು ಹೇಸರಗತ್ತೆಗಳ ಹುಟ್ಟುವೈರಿಗಳು. ಅವಳ ಅಪ್ಪ ಆ ತಂಡದಲ್ಲಿ ತಲೆ ಕಾಯುವ ಚರ್ಮದ ಟೋಪಿ ಹಾಕಿಕೊಂಡು ಆಡುತ್ತಿದ್ದ ಕಾಲದವನು. ಗೂಬೆಗಳು ಒಮ್ಮೆಯಾದರೂ ಚಾಂಪಿಯನ್ ಆಗುವುದನ್ನು ನೋಡಿ ಸಾಯಬೇಕು ಎಂದು ಎಂಬತ್ತನಾಲ್ಕು ವರ್ಷ ಕಾದು, ನೋಡದೆಯೇ ಸತ್ತ. ಆ ಟೋಪಿ ಈಗಲೂ ಅವಳ ಬೀರುವಿನಲ್ಲಿ, ಮದುವೆಯ ಗೌನಿನ ಪಕ್ಕದಲ್ಲಿದೆ.

ಮೂವತ್ತೊಂದು ವರ್ಷದ ಹಿಂದೆ ಇವರ ಮದುವೆ ಮಾಡಿಸಿದ ಪಾದ್ರಿಗಳು ಇಬ್ಬರನ್ನೂ ಪಕ್ಕಕ್ಕೆ ಕರೆದು, ಹುಟ್ಟುವ ಮಕ್ಕಳನ್ನು ಯಾವ ತಂಡದಲ್ಲಿ ಬೆಳೆಸುತ್ತೀರಿ ಎಂದು ಗಂಭೀರವಾಗಿ ವಿಚಾರಿಸಿದ್ದರು. (ಹುಟ್ಟಿದ್ದು ಒಬ್ಬಳೇ ಮಗಳು. ಅವಳು ಫುಟ್‌ಬಾಲಿನ ಗಾಳಿಯೂ ಬೀಸದ ಊರಿನವನನ್ನು ಮದುವೆಯಾಗಿ ಸುಖವಾಗಿದ್ದಾಳೆ.) ಅಂದಿನಿಂದ ಮನೆಯಲ್ಲಿ ಒಂದು ಕಾನೂನು. ನವೆಂಬರಿನಲ್ಲಿ ಈ ಎರಡು ತಂಡಗಳು ಆಡಿದ ಮೇಲೆ, ಸೋತ ಕಡೆಯವರು ಗೆದ್ದ ಕಡೆಯ ಬಾವುಟವನ್ನು ತಮ್ಮ ಕೈಯಾರೆ ವರಾಂಡದ ಕಂಬಕ್ಕೆ ಕಟ್ಟಬೇಕು, ಹೊಸ ವರ್ಷದವರೆಗೆ ಅದು ಅಲ್ಲೇ ಹಾರಬೇಕು. ಈ ಸಲ ಹೇಸರಗತ್ತೆಗಳು ಹದಿನೇಳು, ಗೂಬೆಗಳು ಹದಿನಾಲ್ಕು. ಗೂಬೆಗಳು ಇಡೀ ವರ್ಷದಲ್ಲಿ ಸೋತದ್ದು ಅದೊಂದೇ ಆಟ. ಐಮೊಜೀನ್ ಮರೂನ್ ಬಣ್ಣದ ಆ ಬಾವುಟಕ್ಕೆ ಇಸ್ತ್ರಿ ಮಾಡಿ ಕಟ್ಟಿದ್ದಳು. ಇಸ್ತ್ರಿ ಮಾಡಿದ್ದು ನೋಡಿ ಹೋಯ್ಟನಿಗೆ ಒಳಗೊಳಗೇ ಭಯವಾಗಿತ್ತು.

ಇನ್ನು ಹೋಯ್ಟನ ಉದ್ಯೋಗದ ಮಾತು. ಅವನು ಕೌಂಟಿಯ ತೂಕ-ಅಳತೆ ಇನ್ಸ್‌ಪೆಕ್ಟರ್. ಇಪ್ಪತ್ತೇಳು ವರ್ಷಗಳಿಂದ ಕಿರಾಣಿ ಅಂಗಡಿಯ ತಕ್ಕಡಿ, ಹತ್ತಿ ಗಿರಣಿಯ ಕಾಟಾ, ಪೆಟ್ರೋಲ್ ಪಂಪು ಎಲ್ಲವನ್ನೂ ಪರೀಕ್ಷಿಸಿ, ಸರಿ ಇದ್ದರೆ ತಂತಿ ಸುತ್ತಿ ಸೀಸದ ಮೊಹರು ಒತ್ತುತ್ತಿದ್ದ. ಒಮ್ಮೆ ಮೊಹರು ಬಿದ್ದ ಮೇಲೆ ತಕ್ಕಡಿಯ ಯಜಮಾನ ಕೂಡ ಅದನ್ನು ಮುಟ್ಟುವಂತಿಲ್ಲ. ಸ್ವಂತ ತಮ್ಮನ ಪೆಟ್ರೋಲ್ ಪಂಪಿನಲ್ಲಿ ಗ್ಯಾಲನ್ನಿಗೆ ಒಂದು ಚಮಚ ಕಡಿಮೆ ಬಂತೆಂದು ಅದನ್ನು ಮುಚ್ಚಿಸಿ, ಎರಡು ಕ್ರಿಸ್‌ಮಸ್ ಊಟ ಕಳೆದುಕೊಂಡ ಮನುಷ್ಯ ಅವನು. ಮತ ಹಾಕಿ ಚಾಂಪಿಯನ್ ಆರಿಸುವ ಪದ್ಧತಿ ಅವನ ಮೈಗೆ ಚುಚ್ಚಿದ್ದು ಸುಮ್ಮನೆ ಅಲ್ಲ.

“ಒಂದು ಮೂಟೆ ಹತ್ತಿ ಕಾಟಾ ಮೇಲಿಟ್ಟರೆ, ಅದು ಎಷ್ಟು ತೂಗುತ್ತೆ ಅಂತ ಅರವತ್ತು ಜನ ಕೈ ಎತ್ತಿ ಹೇಳ್ತಾರಾ?” ಎಂದು ಅವನು ಆ ವಾರ ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ (ಬಾಯಲ್ಲಿ ಹತ್ತಿ ತುರುಕಿಸಿಕೊಂಡೇ) ಕೇಳಿದ. ಮನೆಯಲ್ಲಂತೂ ಹೊತ್ತಿಗೆ ನಾಲ್ಕು ಸಲ ಕೇಳಿದ. ಕೊನೆಗೆ ಐಮೊಜೀನ್ ಸುಟ್ಟ ಜೋಳದ ಬ್ರೆಡ್ಡನ್ನು ಅವನ ತಟ್ಟೆಗೆ ಹಾಕುತ್ತ, ಅಷ್ಟೊಂದು ಸಂಕಟವಾದರೆ ನೀನೇ ಒಂದು ತಕ್ಕಡಿ ಮಾಡಿಬಿಡು, ನಾನು ಒಂದು ಹೊತ್ತು ನೆಮ್ಮದಿಯಿಂದ ಉಣ್ಣುತ್ತೇನೆ ಎಂದಳು.

ಅವಳು ಅದನ್ನು ಬೇಸತ್ತು ಹೇಳಿದ್ದು. ಹೋಯ್ಟನಿಗೆ ಅದು ಆಕಾಶವಾಣಿಯಂತೆ ಕೇಳಿಸಿತು.

ಅವನು ಆ ಮಧ್ಯಾಹ್ನವೇ ಊರಿನ ವಾರಪತ್ರಿಕೆಯ ಸಂಪಾದಕ ಡೆಲ್ಮಾರ್ ಪ್ರೂಯಿಟನ ಹತ್ತಿರ ಓಡಿದ. ಡೆಲ್ಮಾರನಿಗೆ ಫುಟ್‌ಬಾಲಿನ ಪುರಾಣವೆಲ್ಲ ಬಾಯಿಪಾಠ. ಹಳೆಯ ಕಾಲದಲ್ಲಿ ಒಬ್ಬೊಬ್ಬ ಲೆಕ್ಕದ ಹುಚ್ಚಿನವನೂ ಮನೆಯಲ್ಲೇ ಕೂತು ತನ್ನದೇ ಸೂತ್ರದಿಂದ ಚಾಂಪಿಯನ್ನರನ್ನು ಘೋಷಿಸುತ್ತಿದ್ದ, ಕಾಲೇಜುಗಳು ಈಗಲೂ ಅಂಥವರ ಹೆಸರು ಹೇಳಿಕೊಂಡು ಸ್ಟೇಡಿಯಮ್ಮಿನ ಗೋಡೆ ಮೇಲೆ ಬಿರುದು ಬರೆಸಿಕೊಳ್ಳುತ್ತವೆ ಎಂದು ಅವನು ವಿವರಿಸಿದ. ಲೈಸೆನ್ಸು ಬೇಡವೇ ಎಂದು ಹೋಯ್ಟ್ ಕೇಳಿದ. ನಾಯಿ ಸಾಕುವುದಕ್ಕೆ ಬೇಕು, ದೇಶದ ಚಾಂಪಿಯನ್ನನ್ನು ಆರಿಸುವುದಕ್ಕೆ ಬೇಡ ಎಂದ ಡೆಲ್ಮಾರ್.

ಅಲ್ಲಿಂದ ಲ್ಯಾಸಿಟರ್ ಮನೆಯ ಊಟದ ಮೇಜು ಸರ್ಕಾರಿ ಕಚೇರಿಯಾಯಿತು. ದೇಶದ ನೂರಕ್ಕೂ ಮೇಲ್ಪಟ್ಟ ತಂಡಗಳಿಗೆ ಒಂದೊಂದು ಕಾರ್ಡು, ಪ್ರತಿ ಕಾರ್ಡಿನಲ್ಲಿ ಆ ತಂಡ ಯಾರನ್ನು ಗೆದ್ದಿತು, ಯಾರಿಗೆ ಸೋತಿತು ಎಂಬ ವಿವರ. ಕಾರ್ಡು ಇಡುವುದಕ್ಕೆ ಅಳತೆಗೆ ಸರಿಹೋಗುವ ಡಬ್ಬಿ ಮನೆಯಲ್ಲಿ ಇದ್ದದ್ದು ಒಂದೇ, ಐಮೊಜೀನ್ ಅಡುಗೆಯ ವಿಧಾನ ಬರೆದ ಕಾರ್ಡುಗಳನ್ನು ಇಡುತ್ತಿದ್ದ ತಗಡಿನ ಡಬ್ಬಿ. ತನ್ನ ಕಾರ್ಡುಗಳನ್ನು ಹೊರಗೆ ಹಾಕಕೂಡದು ಎಂಬ ಷರತ್ತಿನ ಮೇಲೆ ಅವಳು ಅದನ್ನು ಕೊಟ್ಟಳು. ಹೀಗಾಗಿ ಹೇಸರಗತ್ತೆಗಳು ಹಂದಿಮಾಂಸದ ಹುರಿತದ ಹಿಂದೆ, ಗೂಬೆಗಳು ಪೌಂಡ್ ಕೇಕಿನ ಹಿಂದೆ, ಪಶ್ಚಿಮ ಕರಾವಳಿಯ ತಂಡಗಳೆಲ್ಲ ಉಪ್ಪಿನಕಾಯಿಗಳ ನಡುವೆ ಸೇರಿಕೊಂಡವು. ಒಮ್ಮೆ ಹೋಯ್ಟ್ ಒಂದು ತಂಡಕ್ಕೆ ಎರಡು ಬಟ್ಟಲು ಮಜ್ಜಿಗೆಯನ್ನು ಗೆಲುವೆಂದು ಬರೆದುಕೊಂಡು ಅರ್ಧ ದಿನ ತಲೆ ಕೆಡಿಸಿಕೊಂಡ.

ಸೂತ್ರ ಸರಳವಾಗಿತ್ತು. ನೀನು ಒಂದು ತಂಡವನ್ನು ಗೆದ್ದರೆ, ಆ ತಂಡ ಒಟ್ಟು ಎಷ್ಟು ಆಟ ಗೆದ್ದಿದೆಯೋ ಅಷ್ಟು ಅಂಕ ನಿನಗೆ. ನೀನು ಸೋತರೆ, ಒಂದೊಂದು ಸೋಲಿಗೂ ಹತ್ತು ಅಂಕ ಕಳೆ. ಬಲಶಾಲಿಯನ್ನು ಗೆದ್ದವನಿಗೆ ಹೆಚ್ಚು, ಬಡಪಾಯಿಯನ್ನು ಗೆದ್ದವನಿಗೆ ಕಡಿಮೆ. ಇದನ್ನು ಅವನು ದೊಡ್ಡ ಅಕ್ಷರದಲ್ಲಿ ಬರೆದು ರೆಫ್ರಿಜರೇಟರಿಗೆ ಅಂಟಿಸಿದ. ಆದರೆ ಒಂದು ತಂಡವನ್ನೂ ತೂಗಲಿಲ್ಲ. ಮೊದಲು ತಕ್ಕಡಿ ಸರಿಪಡಿಸಬೇಕು, ಆಮೇಲೆ ಮೊಹರು, ಆಮೇಲೆ ತೂಕ. ಮೂಟೆಯನ್ನು ನೋಡಿಕೊಂಡು ತಕ್ಕಡಿ ತಿರುಚುವವನಿಗೆ ಕಾನೂನಿನಲ್ಲಿ ಇರುವ ಹೆಸರು ಬೇರೆ ಎಂದು ಹೆಂಡತಿಗೆ ಅವನು ಎರಡೆರಡು ಸಲ ತಿಳಿಸಿ ಹೇಳಿದ.

ಜನವರಿಯ ಕೊನೆಯ ವಾರ ಒಂದು ಸಂಜೆ ಊಟಕ್ಕೆ ಕೂತಾಗ ಐಮೊಜೀನ್ ಗೆಣಸಿನ ತಟ್ಟೆ ಮುಂದೆ ತಳ್ಳುತ್ತ, ಯಾವುದೋ ಸಣ್ಣ ಸಂಗತಿ ಎಂಬಂತೆ ಕೇಳಿದಳು.

“ಹೋಯ್ಟ್, ಯಾರು ಯಾರಿಗೆ ಸೋತರೂ ಹತ್ತೇ ಕಳಿಯೋದಾ?”

“ಹತ್ತೇ. ಸೋಲು ಅಂದ್ರೆ ಸೋಲು.”

“ಅಲ್ಲ, ಕೆಲಸಕ್ಕೆ ಬಾರದ ತಂಡಕ್ಕೆ ಸೋತವನೂ ಒಂದೇ, ನಿನ್ನ ಹೇಸರಗತ್ತೆಗಳಂಥ ಹುಲಿಗಳಿಗೆ ಸೋತವನೂ ಒಂದೇ ಅಂದ್ರೆ, ಹೇಸರಗತ್ತೆಗಳಿಗೆ ಏನು ಮರ್ಯಾದೆ ಕೊಟ್ಟ ಹಾಗಾಯ್ತು? ನನಗೇನು, ಸುಮ್ನೆ ಕೇಳಿದೆ. ಗೆಣಸು ತಗೋ.”

ಹೋಯ್ಟ್ ಗೆಣಸು ತೆಗೆದುಕೊಳ್ಳಲಿಲ್ಲ. ಹೆಂಡತಿಯನ್ನೇ ನೋಡಿದ. ಮೂವತ್ತೊಂದು ವರ್ಷದಲ್ಲಿ ಅವಳ ಬಾಯಿಂದ ಹೇಸರಗತ್ತೆಗಳ ಬಗ್ಗೆ ಬಂದ ಮೊದಲ ಒಳ್ಳೆಯ ಮಾತು ಅದು. ಎದ್ದು ಹೋಗಿ ರೆಫ್ರಿಜರೇಟರಿನ ಕಾಗದ ಕಿತ್ತು, ಎರಡನೆಯ ಸಾಲು ಹೊಡೆದುಹಾಕಿ, ಹೊಸದಾಗಿ ಬರೆದ. ಸೋತರೆ, ನಿನ್ನನ್ನು ಗೆದ್ದವನು ಒಟ್ಟು ಎಷ್ಟು ಆಟ ಸೋತಿದ್ದಾನೋ ಅಷ್ಟು ಅಂಕ ಕಳೆ. ಹೇಸರಗತ್ತೆಗಳು ಸೋತದ್ದು ಸೊನ್ನೆ. ಅಂದರೆ ಹೇಸರಗತ್ತೆಗಳಿಗೆ ಸೋತರೆ ಅದು ಸೋಲೇ ಅಲ್ಲ, ಸಿಡಿಲು ಬಡಿದ ಹಾಗೆ, ಯಾರ ತಪ್ಪೂ ಇಲ್ಲ. ಇದಕ್ಕಿಂತ ದೊಡ್ಡ ಸನ್ಮಾನ ಇನ್ನೇನಿದೆ ಎಂದು ಅವನಿಗೆ ಕಣ್ಣು ತೇವವಾಯಿತು.

ಫೆಬ್ರವರಿಯ ಮೊದಲ ಶನಿವಾರ ಡೆಲ್ಮಾರನ ಸಮ್ಮುಖದಲ್ಲಿ ಸೂತ್ರದ ಕಾಗದವನ್ನು ಮಡಚಿ ಉಪ್ಪಿನಕಾಯಿಯ ಗಾಜಿನ ಜಾಡಿಯಲ್ಲಿಟ್ಟು, ತಂತಿ ಸುತ್ತಿ, ಇಕ್ಕಳದಿಂದ ಸೀಸದ ಮೊಹರು ಒತ್ತಿದ. ಒಂದು ಗುರುವಾರ ಬಿಟ್ಟು ಅದರ ಮುಂದಿನ ಗುರುವಾರ ಪತ್ರಿಕಾ ಕಚೇರಿಯಲ್ಲಿ ಎಲ್ಲರೆದುರು ಜಾಡಿ ತೆರೆಯುವುದೆಂದು ಗೊತ್ತಾಯಿತು. ಜೊತೆಗೆ ನೋಟರಿ ಮುಂದೆ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದ. ಈ ತಕ್ಕಡಿಯಲ್ಲಿ ಯಾವ ತಂಡ ಮೇಲೆ ಬರುತ್ತದೋ ಅದನ್ನೇ ತಾನು ಚಾಂಪಿಯನ್ ಎಂದು ಒಪ್ಪುವುದಾಗಿಯೂ, ಅದರ ಬಾವುಟವನ್ನು ಇಡೀ ವರ್ಷ ತನ್ನ ವರಾಂಡದಲ್ಲಿ ಹಾರಿಸುವುದಾಗಿಯೂ, ಹೇಸರಗತ್ತೆಗಳ ಮೇಲೆ ತನಗಿರುವ ಪ್ರೀತಿ ಅಡ್ಡ ಬರುವುದಿಲ್ಲವೆಂದೂ ಅದರಲ್ಲಿತ್ತು. ಕೊನೆಯ ವಾಕ್ಯ ಅಗತ್ಯವಿರಲಿಲ್ಲ. ಅದು ಹೋಯ್ಟನ ಉತ್ಸಾಹ. ಡೆಲ್ಮಾರ್ ಅದನ್ನು ಮುಖಪುಟದಲ್ಲಿ ಚೌಕಟ್ಟು ಹಾಕಿಸಿ ಅಚ್ಚು ಮಾಡಿದ.

ಜಾಡಿ ತೆರೆಯುವ ಹಿಂದಿನ ದಿನ, ಬುಧವಾರ ಬೆಳಿಗ್ಗೆ, ತೂಕ ಶುರುವಾಯಿತು. ಮತದಾರರು ಮೊದಲ ಸ್ಥಾನ ಕೊಟ್ಟಿದ್ದ ತಂಡಕ್ಕೆ ಅರವತ್ತಾರು ಬಂತು. ಎರಡನೆಯ ತಂಡಕ್ಕೆ ಅರವತ್ತಮೂರು. ಹೋಯ್ಟ್ ಕೈ ಒರೆಸಿಕೊಂಡು ಹಂದಿಮಾಂಸದ ಹಿಂದಿನಿಂದ ಹೇಸರಗತ್ತೆಗಳ ಕಾರ್ಡು ತೆಗೆದ. ಕೂಡಿದ. ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ಕೂಡಿದ. ಎಪ್ಪತ್ತು.

ಆಮೇಲೆ ನಡೆದದ್ದನ್ನು ಊರಿನವರು ಇಂದಿಗೂ ಹೇಳುತ್ತಾರೆ. ಐವತ್ತೆಂಟು ವರ್ಷದ ಸರ್ಕಾರಿ ಅಧಿಕಾರಿಯೊಬ್ಬ ಮರೂನ್ ಟೋಪಿ ಹಾಕಿಕೊಂಡು, ಕಾರಿನ ಹಾರನ್ ಒತ್ತಿ ಹಿಡಿದು, ಕೋರ್ಟ್ ಕಟ್ಟಡದ ಸುತ್ತ ಏಳು ಸುತ್ತು ಹೊಡೆದ. ಕ್ಷೌರದಂಗಡಿಯಲ್ಲಿ ಅರ್ಧ ಮುಖ ನೊರೆ ಇದ್ದವರೆಲ್ಲ ಎದ್ದು ಬಂದು ಕೈಕುಲುಕಿದರು. ಗುರುವಾರ ಬನ್ನಿ, ಗುರುವಾರ ಬನ್ನಿ ಎಂದಷ್ಟೇ ಹೇಳಿ, ಗುಟ್ಟನ್ನು ಮುಖದ ತುಂಬ ಹರಡಿಕೊಂಡು ಅವನು ಮನೆಗೆ ಊಟಕ್ಕೆ ಬಂದ.

ಐಮೊಜೀನ್ ಎಪ್ಪತ್ತು ಎಂಬ ಅಂಕಿಯನ್ನು ಕೇಳಿ ಅಭಿನಂದನೆ ಹೇಳಿದಳು. ಸಿಹಿ ಐಸ್ ಟೀ ಬಗ್ಗಿಸಿದಳು. ನಂತರ, ಎಲ್ಲಾ ತೂಗಿ ಆಯ್ತಾ ಎಂದು ಕೇಳಿದಳು.

“ಮೊದಲ ಎಂಟು ಆಯ್ತು. ಇನ್ನು ಕೆಳಗಿನವರನ್ನ ತೂಗಿ ಏನು ಮಾಡೋದು?”

“ಹೌದಾ? ಪೆಟ್ರೋಲ್ ಪಂಪ್ ನೋಡೋಕೆ ಹೋದಾಗಲೂ ದೊಡ್ಡ ರಸ್ತೆ ಪಂಪ್ ಮಾತ್ರ ನೋಡಿ ಬಂದುಬಿಡ್ತೀಯಾ? ಗೊತ್ತಿರಲಿಲ್ಲ.”

ಹೋಯ್ಟನಿಗೆ ಬೇರೆ ಏನು ಅಂದರೂ ತಡೆಯುತ್ತದೆ, ಇದೊಂದು ತಡೆಯುವುದಿಲ್ಲ. ಡಬ್ಬಿ ಎಳೆದುಕೊಂಡ. ಒಂಬತ್ತನೆಯ ಸ್ಥಾನದಲ್ಲಿ ಗೂಬೆಗಳು. ಪೌಂಡ್ ಕೇಕಿನ ಹಿಂದಿನಿಂದ ಆ ಕಾರ್ಡನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಎತ್ತುವ ಹಾಗೆ ಎತ್ತಿ ಮುಂದಿಟ್ಟುಕೊಂಡ. ಹನ್ನೊಂದು ಗೆಲುವು. ಗೆದ್ದದ್ದೆಲ್ಲ ಗಟ್ಟಿಮುಟ್ಟಾದ ತಂಡಗಳನ್ನೇ. ಕೂಡಿದಾಗ ಎಪ್ಪತ್ತೊಂದು. ಒಂದು ಸೋಲು, ಹೇಸರಗತ್ತೆಗಳಿಗೆ. ಹೇಸರಗತ್ತೆಗಳು ಸೋತದ್ದು ಸೊನ್ನೆ. ಎಪ್ಪತ್ತೊಂದರಲ್ಲಿ ಸೊನ್ನೆ ಕಳೆದರೆ ಎಷ್ಟು ಎಂದು ಹೋಯ್ಟ್ ಬಹಳ ಹೊತ್ತು ಯೋಚಿಸಿದ.

ಇದರಲ್ಲಿ ಇನ್ನೂ ಕ್ರೂರವಾದದ್ದು ಒಂದಿತ್ತು. ಹೇಸರಗತ್ತೆಗಳು ಬೇರೆಲ್ಲೋ ಎರಡು ಆಟ ಸೋತಿದ್ದರೆ ಗೂಬೆಗಳ ಎರಡು ಅಂಕ ಹೋಗುತ್ತಿತ್ತು. ಅಂದರೆ ಗೂಬೆಗಳನ್ನು ಮೇಲೆತ್ತಿ ಕೂರಿಸಿದ್ದು ಹೇಸರಗತ್ತೆಗಳ ಕಳಂಕವಿಲ್ಲದ ಶೌರ್ಯ. ಹೋಯ್ಟ್ ಇದನ್ನು ಕಂಡುಕೊಂಡ ಕೂಡಲೇ ಐಸ್ ಟೀಯನ್ನು ಪಕ್ಕಕ್ಕೆ ಸರಿಸಿ, ತಲೆಯನ್ನು ಮೇಜಿನ ಮೇಲೆ ಇಟ್ಟ.

“ಅವರನ್ನ ನಾವು ಸೋಲಿಸಿದೀವಿ ಕಣೇ,” ಎಂದು ಮೇಜಿನ ಒಳಗಿಂದ ಅವನ ದನಿ ಬಂತು. “ಹದಿನೇಳು ಹದಿನಾಲ್ಕು. ನಾನು ಕಣ್ಣಾರೆ ನೋಡಿದೀನಿ.”

“ನಾನೂ ನೋಡಿದೀನಿ. ಬಾವುಟಕ್ಕೆ ಇಸ್ತ್ರಿ ಮಾಡಿದ್ದು ನಾನೇ ಅಲ್ವಾ.” ಐಮೊಜೀನ್ ತಟ್ಟೆ ಎತ್ತಿಟ್ಟಳು. ಕೋಟು ಹಾಕಿಕೊಂಡಳು. ಬಾಗಿಲ ಹತ್ತಿರ ನಿಂತು ಹೇಳಿದಳು. “ಜಾಡಿಯಲ್ಲಿ ಏನಿದೆ ಅಂತ ನಿನಗೆ ನನಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮೊಹರಿನ ಇಕ್ಕಳ ಎರಡನೇ ಡ್ರಾಯರ್‌ನಲ್ಲಿದೆ. ನಾನು ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋಗ್ತಿದೀನಿ, ಬರೋದು ನಾಲ್ಕಾಗುತ್ತೆ. ನಾನು ಏನೂ ಕೇಳಲ್ಲ, ಹೋಯ್ಟ್. ಸಾಯೋ ತನಕ ಕೇಳಲ್ಲ.”

ಕಾರು ಹೋದ ಸದ್ದು ಕೇಳಿತು. ಮನೆಯಲ್ಲಿ ಹೋಯ್ಟ್, ಜಾಡಿ, ಡ್ರಾಯರು, ಮೂರೇ ಉಳಿದವು.

ಅವನು ಇಕ್ಕಳ ತೆಗೆದದ್ದು ನಿಜ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಸೀಸದ ಮೊಹರನ್ನು ಹೆಬ್ಬೆರಳಿನಿಂದ ಸವರುತ್ತ ಕೂತ. ಒಂದು ಸಾಲು ಹೊಡೆದು ಹತ್ತು ಎಂದು ಬರೆದರೆ ಆಯಿತು. ಹೇಸರಗತ್ತೆಗಳು ಚಾಂಪಿಯನ್. ಇಡೀ ಊರು ಹೆಗಲ ಮೇಲೆ ಹೊತ್ತು ಮೆರೆಸುತ್ತದೆ. ಯಾರಿಗೆ ನಷ್ಟ? ಆದರೆ ಇಪ್ಪತ್ತೇಳು ವರ್ಷದಲ್ಲಿ, ಯಾರಿಗೆ ನಷ್ಟ ಎಂದು ತನ್ನನ್ನು ಕೇಳಿದ ಅಂಗಡಿಯವರ ಮುಖಗಳೆಲ್ಲ ಅವನ ಕಣ್ಣ ಮುಂದೆ ಬಂದವು. ಕೊನೆಗೆ ಬಂದದ್ದು ತಮ್ಮನ ಮುಖ. ಒಂದು ಚಮಚ ಕಣೋ ಹೋಯ್ಟ್, ಬರೀ ಒಂದು ಚಮಚ ಎಂದಿದ್ದ ಅವನು. ಹೋಯ್ಟನಿಗೆ ಅಳು ಬಂತು, ಸ್ವಲ್ಪ ಅತ್ತ. ಹೆಂಡತಿ ನಾಲ್ಕು ಗಂಟೆಗೆ ಬಂದಾಗ ಮೊಹರು ಹಾಗೆಯೇ ಇತ್ತು, ಹೋಯ್ಟ್ ವರಾಂಡದಲ್ಲಿ, ಹೊಸ ವರ್ಷ ಕಳೆದರೂ ಇಳಿಸದೆ ಬಿಟ್ಟಿದ್ದ ಮರೂನ್ ಬಾವುಟದ ಹಗ್ಗ ಬಿಚ್ಚುತ್ತಿದ್ದ. ಐಮೊಜೀನ್ ಅವನ ಕೆನ್ನೆಗೆ ಮುತ್ತು ಕೊಟ್ಟು ಒಳಗೆ ಹೋದಳು.

ಗುರುವಾರ ಪತ್ರಿಕಾ ಕಚೇರಿಯ ಮುಂದೆ ಅರ್ಧ ಊರು ಮರೂನ್ ಬಟ್ಟೆಯಲ್ಲಿ ನಿಂತಿತ್ತು. ಯಾರೋ ಜೀವಂತ ಹೇಸರಗತ್ತೆಯೊಂದನ್ನೂ ಹೂವು ಹಾಕಿ ಕರೆತಂದಿದ್ದರು. ಡೆಲ್ಮಾರ್ ತಂತಿ ಕತ್ತರಿಸಿದ, ಕಾಗದ ಬಿಡಿಸಿದ, ಸೂತ್ರ ಓದಿದ. ಹೋಯ್ಟ್ ತೂಕ ಓದಿದ. ಓದಿ ಮುಗಿದ ಮೇಲೆ ಕದಲಿದ್ದು ಆ ಹೇಸರಗತ್ತೆ ಒಂದೇ.

“ಮಿಸ್ಟರ್ ಹೋಯ್ಟ್, ಮೈ ಹುಷಾರಾಗಿದೆಯಾ?” ಎಂದು ಕ್ಷೌರಿಕ ಬಹಳ ಮೆಲ್ಲಗೆ ಕೇಳಿದ.

ಮುಂದಿನ ವಾರಗಳಲ್ಲಿ ಹೋಯ್ಟನ ತಲೆಗೂದಲು ಉದ್ದವಾಗಿ ಬೆಳೆಯಿತು, ಏಕೆಂದರೆ ಕ್ಷೌರದಂಗಡಿಯಲ್ಲಿ ಅವನ ಸರದಿ ಬರುತ್ತಲೇ ಇರಲಿಲ್ಲ. ಅದನ್ನೂ ಅವನು ಸಹಿಸಿಕೊಂಡ. ಸಹಿಸಲಾಗದ್ದು ಬಂದದ್ದು ಕಹಾಲಾದಿಂದಲೇ. ಸುದ್ದಿ ರಾಜ್ಯದ ದೊಡ್ಡ ಪತ್ರಿಕೆಗಳಿಗೆ ಹಬ್ಬಿದಾಗ, ಹೇಸರಗತ್ತೆಗಳ ಕಚೇರಿಯವರು ಒಂದು ಹೇಳಿಕೆ ಕೊಟ್ಟರು. ಚಾಂಪಿಯನ್ ಯಾರೆಂಬುದನ್ನು ಅನುಭವಿ ತಜ್ಞರ ಮತದಿಂದ ತೀರ್ಮಾನಿಸುವ ಪದ್ಧತಿಯೇ ಶ್ರೇಷ್ಠ, ಪೆಟ್ರೋಲ್ ಪಂಪು ನೋಡುವವರು ಅಡುಗೆಯ ಡಬ್ಬಿಯಿಂದ ತೀರ್ಮಾನಿಸತಕ್ಕದ್ದಲ್ಲ ಎಂದಿತ್ತು ಅದರಲ್ಲಿ.

ಹೋಯ್ಟ್ ಅದನ್ನು ಓದಿ ಎದ್ದು ನಿಂತ. ಹೇಸರಗತ್ತೆಗಳಿಗಾಗಿ ಮನೆಯ ನೆಮ್ಮದಿ, ಊರಿನ ಸ್ನೇಹ, ಕ್ಷೌರ ಎಲ್ಲ ಕಳೆದುಕೊಂಡವನು ಅವನು. ಅವನ ದೇವರೇ ಈಗ ಆ ಅರವತ್ತು ಮಂದಿಯ ಮಾತಾಡುತ್ತಿದ್ದ. ಡೆಲ್ಮಾರನ ಪತ್ರಿಕೆಯಲ್ಲಿ ಅವನು ಉತ್ತರ ಬರೆದ. ಒಂದಲ್ಲ, ಸತತ ಹನ್ನೊಂದು ವಾರ ಬರೆದ. ಗೂಬೆಗಳು ಗೆದ್ದ ಒಂದೊಂದು ಆಟವನ್ನೂ ಬಿಡಿಸಿ, ಎದುರಾಳಿಯ ಬಲವನ್ನು ತೂಗಿ, ಇಂಥ ವೀರರನ್ನು ಒಂಬತ್ತನೆಯ ಸ್ಥಾನದಲ್ಲಿ ಕೂರಿಸಿದವರ ಕಣ್ಣಿಗೆ ಔಷಧ ಹಾಕಬೇಕೆಂದು ಗುಡುಗಿದ. ಅಲಬಾಮಾದಲ್ಲಿ ಗೂಬೆಗಳ ಪರವಾಗಿ ಅಷ್ಟು ಚೆನ್ನಾಗಿ ವಾದಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಪ್ರತಿ ವಾರ ಲೇಖನವನ್ನು ಐಮೊಜೀನಳಿಗೆ ಓದಿ ಹೇಳುತ್ತಿದ್ದ, ಅವಳು ಹೆಣಿಗೆ ಬಿಡದೆ ಕೇಳಿ, ಇನ್ನೂ ಸ್ವಲ್ಪ ಖಾರ ಇರಲಿ ಎನ್ನುತ್ತಿದ್ದಳು.

ಜೂನ್‌ನಲ್ಲಿ ಮೆರಿವೆದರಿನಿಂದ ದಪ್ಪ ಕಾಗದದ ಪತ್ರ ಬಂತು. ಲ್ಯಾಸಿಟರ್ ತಕ್ಕಡಿಯ ತೀರ್ಪನ್ನು ಯೂನಿವರ್ಸಿಟಿ ಕೃತಜ್ಞತೆಯಿಂದ ಒಪ್ಪಿಕೊಂಡಿದೆ. ಸ್ಟೇಡಿಯಮ್ಮಿನ ಗೋಡೆಯಲ್ಲಿ ಹಿತ್ತಾಳೆಯ ಫಲಕ ಹಾಕಿಸುತ್ತಿದೆ. ಸೆಪ್ಟೆಂಬರಿನ ಮೊದಲ ಆಟದ ದಿನ ಮಿಸ್ಟರ್ ಲ್ಯಾಸಿಟರ್ ಅವರು ಸಪತ್ನೀಕರಾಗಿ ಬಂದು, ಫಲಕಕ್ಕೆ ತಮ್ಮ ಕೈಯಾರೆ ಮೊಹರು ಒತ್ತಬೇಕು.

ಹೋಗುವುದಿಲ್ಲ ಎಂದ ಹೋಯ್ಟ್. ಮೊಹರು ಒತ್ತುವುದು ಇನ್ಸ್‌ಪೆಕ್ಟರನ ಕರ್ತವ್ಯ ಎಂದಳು ಐಮೊಜೀನ್. ಹೋದರೂ ಆ ಬಣ್ಣದ ಬಟ್ಟೆ ಹಾಕುವುದಿಲ್ಲ ಎಂದ ಅವನು. ಗೂಬೆಗಳ ಕಿತ್ತಳೆ ಬಣ್ಣದ ಕೋಟು ಆಗಲೇ ಹೊಲಿಸಿ ಆಗಿತ್ತು. ಅಳತೆ ಸರಿಯಾಗಿತ್ತು, ಆ ವಿಚಾರದಲ್ಲಿ ಅವನು ಏನೂ ಅನ್ನುವಂತಿರಲಿಲ್ಲ.

ಸೆಪ್ಟೆಂಬರಿನ ಆ ಶನಿವಾರ, ಅರ್ಧ ಆಟದ ವಿರಾಮದಲ್ಲಿ ಹೋಯ್ಟ್ ಲ್ಯಾಸಿಟರ್ ಐವತ್ತು ಸಾವಿರ ಗೂಬೆಗಳ ನಡುವೆ ಮೈದಾನಕ್ಕೆ ಇಳಿದ. ವಾದ್ಯದವರು ನುಡಿಸಿದರು. ಪರದೆ ಸರಿಯಿತು. ರಾಷ್ಟ್ರೀಯ ಚಾಂಪಿಯನ್ನರು, ಲ್ಯಾಸಿಟರ್ ತಕ್ಕಡಿಯ ಪ್ರಕಾರ ಎಂದು ಹಿತ್ತಾಳೆಯಲ್ಲಿ ಕೊರೆದಿತ್ತು. ಅವನು ತಂತಿ ಸುತ್ತಿ, ಇಕ್ಕಳ ಒತ್ತಿದ. ಐವತ್ತು ಸಾವಿರ ಜನ ಎದ್ದು ನಿಂತು ಅವನ ಹೆಸರನ್ನು ಮೂರು ತುಂಡು ಮಾಡಿ ಕೂಗಿದರು. ಹುಡುಗನಾಗಿದ್ದಾಗಿನಿಂದ ಹೋಯ್ಟನಿಗೆ ಒಂದು ಕನಸಿತ್ತು, ತುಂಬಿದ ಸ್ಟೇಡಿಯಮ್ಮು ತನ್ನ ಹೆಸರು ಕೂಗಬೇಕೆಂದು. ಕನಸಿನಲ್ಲಿ ಬಣ್ಣ ಬೇರೆ ಇತ್ತು. ಆದರೂ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಬೇಕು. ಪಕ್ಕದಲ್ಲಿ ಐಮೊಜೀನ್ ಅಪ್ಪನ ಚರ್ಮದ ಟೋಪಿಯನ್ನು ಎದೆಗೆ ಅವಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವಳು ಹಾಗೆ ಅತ್ತದ್ದನ್ನು ಅವನು ಮಾವನ ಮಣ್ಣಿನಲ್ಲಿ ಕೂಡ ನೋಡಿರಲಿಲ್ಲ. ಮೊಹರು ಮುರಿಯದೆ ಇದ್ದದ್ದಕ್ಕೆ ಅವನಿಗೆ ಆ ಹೊತ್ತಿನಲ್ಲಿ ಪೂರ್ತಿ ಸಂತೋಷವಾಯಿತು. ಜನರ ಕಡೆ ಕೈ ಬೀಸಿದ. ಗೂಬೆಯ ಹಾಗೆ ಒಮ್ಮೆ ಕೂಗಿದ ಎಂದೂ ಹೇಳುತ್ತಾರೆ, ಅವನು ಒಪ್ಪುವುದಿಲ್ಲ.

ಮರುದಿನ ಭಾನುವಾರ, ಚರ್ಚಿನಿಂದ ಬಂದ ಮೇಲೆ, ಐಮೊಜೀನ್ ಈ ಸಂಭ್ರಮಕ್ಕೆ ಅಮ್ಮನ ಕೈಬರಹದ ಪೌಂಡ್ ಕೇಕೇ ಆಗಬೇಕೆಂದಳು. ಕೈಗೆಲ್ಲ ಬೆಣ್ಣೆಯಾಗಿತ್ತು, ಡಬ್ಬಿಯಿಂದ ಕಾರ್ಡು ತೆಗೆದು ಓದು ಎಂದು ಗಂಡನಿಗೆ ಹೇಳಿದಳು. ಹೋಯ್ಟ್ ಕಿತ್ತಳೆ ಕೋಟಿನಲ್ಲೇ (ಸೆಕೆ ಇದ್ದರೂ ಯಾಕೋ ಅವನು ಅದನ್ನು ಬಿಚ್ಚಿರಲಿಲ್ಲ) ಡಬ್ಬಿ ತೆರೆದು ಕಾರ್ಡು ಎಳೆದ. ಅದು ಹಿಂಬದಿಯಾಗಿ ಬಂತು.

ಹಿಂಬದಿಯಲ್ಲಿ ಪೆನ್ಸಿಲಿನಿಂದ, ಹೆಂಡತಿಯ ಅಚ್ಚುಕಟ್ಟಾದ ಅಕ್ಷರದಲ್ಲಿ, ನಾಲ್ಕು ಸಾಲು ಇತ್ತು. ಹೇಸರಗತ್ತೆ ಎಪ್ಪತ್ತು. ಗೂಬೆ, ಸೋಲಿಗೆ ಹತ್ತು ಕಳೆದರೆ, ಅರವತ್ತೊಂದು. ಕಳೆಯದಿದ್ದರೆ ಎಪ್ಪತ್ತೊಂದು. ಊಟದ ಹೊತ್ತಿಗೆ ಮಾತಾಡಬೇಕು. ಮೇಲೆ ತಾರೀಖು ಹಾಕಿತ್ತು. ಜನವರಿ ಇಪ್ಪತ್ತಾರು. ಮೊಹರು ಬೀಳುವುದಕ್ಕೆ ಸರಿಯಾಗಿ ಒಂದು ವಾರ ಮುಂಚೆ, ಆ ಗೆಣಸಿನ ಊಟದ ದಿನ.

ಹೋಯ್ಟನ ಕಿವಿಯಲ್ಲಿ ಐವತ್ತು ಸಾವಿರ ಜನರ ಕೂಗು ಇನ್ನೂ ಮೊಳಗುತ್ತಿತ್ತು. ಇಪ್ಪತ್ತೇಳು ವರ್ಷ ಇಡೀ ಕೌಂಟಿಯ ತಕ್ಕಡಿಗಳನ್ನು ಕಾದವನ ಸ್ವಂತ ಅಡುಗೆಮನೆಯಲ್ಲಿ, ಮೂಟೆ ನೋಡಿಕೊಂಡು ತಕ್ಕಡಿ ತಿರುಚಲಾಗಿತ್ತು. ತಿರುಚಿದವಳು ಸುಳ್ಳು ಲೆಕ್ಕ ಹಾಕಿರಲಿಲ್ಲ, ಒಂದು ಪ್ರಶ್ನೆ ಕೇಳಿದ್ದಳು ಅಷ್ಟೆ, ಆ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಇಕ್ಕಳ ಯಾವ ಡ್ರಾಯರಿನಲ್ಲಿದೆ ಎಂದು ತೋರಿಸಿ ಹೋದವಳೂ ಅವಳೇ. ಗಂಡ ಅದನ್ನು ಬಳಸುವುದಿಲ್ಲ ಎಂದು ಒಂದು ಗುಂಜಿಯೂ ಹೆಚ್ಚುಕಮ್ಮಿಯಿಲ್ಲದೆ ತೂಗಿ ಇಟ್ಟಿದ್ದಳು. ಕಾನೂನಿನ ಪ್ರಕಾರ ಈಗಿಂದೀಗಲೇ ಮೊಹರು ರದ್ದು ಮಾಡಬೇಕು. ಮೊಹರು ಮೆರಿವೆದರಿನ ಗೋಡೆಯಲ್ಲಿ, ಹಿತ್ತಾಳೆಯಲ್ಲಿ, ಅವನದೇ ಹೆಸರಿನ ಕೆಳಗೆ ಇತ್ತು. ಕಿಟಕಿಯ ಆಚೆ ವರಾಂಡದ ಕಂಬದಲ್ಲಿ ಕಿತ್ತಳೆ ಬಾವುಟ ಹಾರುತ್ತಿತ್ತು.

“ಐಮೊಜೀನ್,” ಎಂದ ಅವನು.

“ಹಿಂದುಗಡೆ ಅಲ್ಲ ಹೋಯ್ಟ್, ಮುಂದುಗಡೆ ಓದು,” ಎಂದಳು ಅವಳು, ತಿರುಗಿ ನೋಡದೆ. “ಬೆಣ್ಣೆ ಎಷ್ಟು ಅಂತಿದೆ?”

ಹೋಯ್ಟ್ ಕಾರ್ಡು ತಿರುಗಿಸಿದ.

“ಬೆಣ್ಣೆ ಒಂದು ಪೌಂಡ್,” ಎಂದು ಓದಿದ. “ಸಕ್ಕರೆ ಒಂದು ಪೌಂಡ್. ಹಿಟ್ಟು ಒಂದು ಪೌಂಡ್. ಮೊಟ್ಟೆ ಒಂದು ಪೌಂಡ್.”

“ತೂಕ ಎಲ್ಲಾ ಸರಿಯಾಗಿದೆಯಾ, ಇನ್ಸ್‌ಪೆಕ್ಟರ್ ಸಾಹೇಬರೇ?”

ಹೋಯ್ಟ್ ಕಾರ್ಡನ್ನು ಡಬ್ಬಿಯಲ್ಲಿ, ಗೂಬೆಗಳ ಮುಂದೆ, ಅದು ಇದ್ದ ಜಾಗದಲ್ಲೇ ಇಟ್ಟು ಮುಚ್ಚಳ ಒತ್ತಿದ.

“ಸರಿಯಾಗಿದೆ,” ಎಂದ.